ಉಣಕಲ್‌ನಲ್ಲಿ ಭೂಮಿ, ಧಾರವಾಡದಲ್ಲಿ ಗುರು

ಹಳೇ ಕಲ್ಲಿನ ಒಂದು ಜಾತಿಗೆ ನಮ್ಮ ಧಾರವಾಡದ ಹೆಸರಿದೆ. ಭೂವಿಜ್ಞಾನ ಓದುವ ಹುಡುಗರು ಅದನ್ನು ‘ಧಾರವಾಡ ಶಿಲೆ’ ಅನ್ನುತ್ತಾರೆ. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಸೀಮೆಯ ಕಲ್ಲುಗಳನ್ನು ಬೇರೆಯಾಗಿ ಗುರುತಿಸಿ ನಮ್ಮೂರಿನ ಹೆಸರು ಕೊಟ್ಟ. ಗದಗಿನ ಕಪ್ಪತಗುಡ್ಡ ಇದೇ ಕಲ್ಲಿನದು. ಅಲ್ಲಿ ಗಾಳಿಯಂತ್ರಗಳ ಕೆಳಗೆ ನಡೆದು ಹೋಗುವಾಗ ಪಟ್ಟೆ ಪಟ್ಟೆಯ ಕಬ್ಬಿಣದ ಕಲ್ಲು ಕಾಲಿಗೆ ಸಿಗುತ್ತದೆ. ಒಂದು ಪಟ್ಟೆ ಕೆಂಪು, ಒಂದು ಕಪ್ಪು. ಅದು ಒಂದು ಕಾಲಕ್ಕೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ವಯಸ್ಸು ಹೆಚ್ಚೂಕಡಿಮೆ 260 ಕೋಟಿ ವರ್ಷ. ಚಿತ್ರದುರ್ಗದ ಕಡೆ ಇದೇ ಜಾತಿಯ ಕಲ್ಲಿನ ನಡುವೆ ಸ್ಟ್ರೊಮಟೊಲೈಟ್‌ಗಳು ಸಿಕ್ಕಿವೆ. ಅವು ಕಣ್ಣಿಗೆ ಕಾಣದಂಥ ಜೀವಿಗಳು ನೀರಿನಲ್ಲಿ ಕಟ್ಟಿದ ಗೂಡಿನಂಥ ಪದರಗಳು.

ಆ ಕಲ್ಲನ್ನು ಕೈಯಲ್ಲಿ ಹಿಡಿದಾಗಲೆಲ್ಲ ನನಗೆ ಒಂದೇ ಯೋಚನೆ ಬರುತ್ತದೆ. ಅಂದು ಇಲ್ಲಿ ನೀರಿತ್ತು, ಜೀವ ಇತ್ತು. ಇಂದೂ ಇದೆ. ನಡುವಿನ 260 ಕೋಟಿ ವರ್ಷದಲ್ಲಿ ಸಮುದ್ರ ಕುದಿದು ಆರಿಹೋಗಲಿಲ್ಲ. ಹೆಪ್ಪುಗಟ್ಟಿದಾಗಲೂ ಮತ್ತೆ ಕರಗಿತು. ಭೂಮಿ ತನ್ನ ಜಾಗ ಬಿಟ್ಟು ಕದಲಲಿಲ್ಲ. ಇಷ್ಟು ಕಾಲ ಕದಲದೆ ಇರಲು ಬಿಟ್ಟವರು ಯಾರು?

ಬೇರೆ ನಕ್ಷತ್ರದ ಸುತ್ತ ಕಲ್ಲಿನ ಗ್ರಹ ಸಿಕ್ಕ ಸುದ್ದಿ ಬಂದಾಗ ‘ವಾಸಯೋಗ್ಯ ವಲಯ’ ಎಂಬ ಮಾತು ಬಂದೇ ಬರುತ್ತದೆ. ನಕ್ಷತ್ರದಿಂದ ತೀರಾ ಹತ್ತಿರವೂ ಅಲ್ಲದ, ತೀರಾ ದೂರವೂ ಅಲ್ಲದ, ನೀರು ನೀರಾಗಿಯೇ ಇರಬಹುದಾದ ಪಟ್ಟಿ ಅದು. ಮಾತು ಸರಿಯಾದದ್ದೇ. ಆದರೆ ಅದು ಬರೀ ವಿಳಾಸ ಹೇಳುತ್ತದೆ. ಆ ವಿಳಾಸದಲ್ಲಿ ನೂರಾರು ಕೋಟಿ ವರ್ಷ ಉಳಿಯಲು ಆಗುತ್ತದೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಬೇಕೆಂದರೆ ಅಕ್ಕಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡಬೇಕು. ನಮ್ಮ ಪಕ್ಕದಲ್ಲಿರುವ ದೈತ್ಯ ಗ್ರಹ ಗುರು.

ಶಾಲೆಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿದ್ದು ನೆನಪಿದೆಯಲ್ವಾ? ಲಘು ಅಂದರೆ ಹಗುರ, ಗುರು ಅಂದರೆ ಭಾರ. ಗುರುತ್ವ ಎಂಬ ಪದವೂ ಅದೇ ಬೇರಿನದು. ನಮ್ಮ ಕಡೆ ಮದುವೆ ಮಾತಿನಲ್ಲಿ ಗುರುಬಲ ಕೇಳುತ್ತಾರೆ. ನಾನಿಲ್ಲಿ ಹೇಳುವ ಬಲ ಈ ಭಾರದ ಬಲ, ಗುರುತ್ವದ ಬಲ. ಗುರುಗ್ರಹ 318 ಭೂಮಿಗಳಷ್ಟು ಭಾರ. ಉಳಿದ ಏಳೂ ಗ್ರಹಗಳನ್ನು ಒಂದೇ ತಕ್ಕಡಿಗೆ ಹಾಕಿದರೂ ಗುರುವಿನ ಅರ್ಧ ತೂಗುವುದಿಲ್ಲ.

ದೂರದ ಅಳತೆ ಕೈಗೆ ಸಿಗಲಿ ಅಂತ ನಾನು ಯಾವಾಗಲೂ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ದಾರಿಯನ್ನು ಬಳಸುತ್ತೇನೆ. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್‌ನಲ್ಲಿ ಸೂರ್ಯನನ್ನು ಇಡಿ. ಭೂಮಿಯನ್ನು ನಾಲ್ಕು ಕಿಲೋಮೀಟರ್ ದೂರ, ಉಣಕಲ್ ಹತ್ತಿರ ಇಡಿ. ಈ ಅಳತೆಯಲ್ಲಿ ಬುಧ ಹೊಸೂರಿನ ಆಸುಪಾಸು, ಶುಕ್ರ ವಿದ್ಯಾನಗರದಲ್ಲಿ, ಮಂಗಳ ಭೈರಿದೇವರಕೊಪ್ಪದಲ್ಲಿ. ನವನಗರದಿಂದ ರಾಯಾಪುರ, ಸತ್ತೂರಿನ ತನಕ ಕ್ಷುದ್ರಗ್ರಹಗಳ ಪಟ್ಟಿ, ಅಂದರೆ ಗ್ರಹವಾಗದೆ ಉಳಿದ ಕಲ್ಲುಗಳು. ಆಮೇಲೆ ಬಸ್ಸು ಧಾರವಾಡ ಮುಟ್ಟುತ್ತದೆ. ಗುರು ಅಲ್ಲಿರುತ್ತದೆ, ಸುಮಾರು 21 ಕಿಲೋಮೀಟರ್‌ಗೆ. ಶನಿ ಇನ್ನೂ 17 ಕಿಲೋಮೀಟರ್ ಮುಂದೆ, ಬೆಳಗಾವಿ ರಸ್ತೆಯಲ್ಲಿ. ಸೂರ್ಯ ಈಗ 37 ಮೀಟರ್ ಅಗಲದ ಬೆಂಕಿ ಉಂಡೆ, ಹನ್ನೆರಡು ಅಂತಸ್ತಿನ ಕಟ್ಟಡದಷ್ಟು. ಭೂಮಿ ಒಂದು ದೊಡ್ಡ ಕುಂಬಳಕಾಯಿ. ಗುರು ಇಬ್ಬರು ಆಳು ಒಬ್ಬರ ಮೇಲೊಬ್ಬರು ನಿಂತಷ್ಟು ಎತ್ತರ. ಧಾರವಾಡದಲ್ಲಿ ನಿಂತ ಆ ಗೋಳ ಉಣಕಲ್‌ನ ಕುಂಬಳಕಾಯಿಗೆ ಏನು ಮಾಡೀತು ಅಂತ ಅನಿಸಬಹುದು. ಆದರೆ ಗುರುತ್ವಕ್ಕೆ ಅವಸರವಿಲ್ಲ. ಪ್ರತಿ ಸುತ್ತಿಗೂ ಒಂದಿಷ್ಟೇ ಇಷ್ಟು ಎಳೆದರೂ ಕೋಟಿ ಸುತ್ತು ಕಳೆದಾಗ ಲೆಕ್ಕ ದೊಡ್ಡದಾಗುತ್ತದೆ.

ದುರ್ಬೀನು ಹೊತ್ತುಕೊಂಡು ಹಾವೇರಿ, ರಾಣೆಬೆನ್ನೂರು, ಶಿರಹಟ್ಟಿ ಕಡೆಯ ಶಾಲೆಗಳಿಗೆ ಹೋದಾಗ ಗುರುವನ್ನು ತೋರಿಸುವುದು ನನಗೆ ಬಹಳ ಇಷ್ಟ. ಮಕ್ಕಳಿಗೆ ಪಟ್ಟೆಗಳು ಕಾಣುತ್ತವೆ, ಸಾಲಾಗಿ ನಾಲ್ಕು ಚಂದ್ರರು ಕಾಣುತ್ತಾರೆ. ಆಮೇಲೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: “ಗುರು ನಮ್ಮನ್ನ ಕಾಯತೈತಿ, ಹೌದಲ್ರಿ ಸರ್?” ಎಷ್ಟೋ ವರ್ಷ ನಾನು ಹೌದು ಅನ್ನುತ್ತಿದ್ದೆ. ಈಗ ಒಂದೇ ಮಾತಿನಲ್ಲಿ ಉತ್ತರ ಕೊಡುವುದಿಲ್ಲ.

ಕಾಯುವ ಕಥೆ ಗಟ್ಟಿಯಾದದ್ದು 1994ರಲ್ಲಿ. ಅದರ ಹಿಂದಿನ ವರ್ಷ ಕ್ಯಾರೊಲಿನ್ ಮತ್ತು ಯೂಜೀನ್ ಶೂಮೇಕರ್ ದಂಪತಿ, ಡೇವಿಡ್ ಲೆವಿ ಜತೆ ಸೇರಿ ಒಂದು ವಿಚಿತ್ರ ಧೂಮಕೇತುವನ್ನು ಕಂಡುಹಿಡಿದಿದ್ದರು. ಗುರುವಿನ ತೀರಾ ಹತ್ತಿರ ಹಾದು ಅದು ಚೂರು ಚೂರಾಗಿತ್ತು. ಇಪ್ಪತ್ತಕ್ಕೂ ಹೆಚ್ಚು ತುಂಡುಗಳು, ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ. 1994ರ ಜುಲೈ 16ರಿಂದ 22ರ ತನಕ ಅವು ಒಂದೊಂದಾಗಿ ಗುರುವಿಗೆ ಬಡಿದವು. ಮೋಡದ ಮೇಲೆ ಭೂಮಿಯಷ್ಟು ಅಗಲದ ಕಪ್ಪು ಕಲೆಗಳು ಎದ್ದವು. ಸಣ್ಣ ದುರ್ಬೀನಿಗೂ ಅವು ಕಂಡವು. ಜಗತ್ತೇ ನೋಡಿತು. ಅಯ್ಯೋ, ಇದು ನಮಗೆ ಬಿದ್ದಿದ್ದರೆ ಅಂತ ಎಲ್ಲರಿಗೂ ಅನಿಸಿತು. ಅದೇ ವರ್ಷ ಜಾರ್ಜ್ ವೆದರಿಲ್ ಎಂಬ ವಿಜ್ಞಾನಿ ಒಂದು ಲೆಕ್ಕ ಮುಂದಿಟ್ಟರು. ಗುರುವಿನಂಥ ಗ್ರಹ ಇಲ್ಲದಿದ್ದರೆ ಭೂಮಿಗೆ ಬಡಿಯುವ ಧೂಮಕೇತುಗಳು ಸಾವಿರ ಪಟ್ಟಿನಷ್ಟು ಜಾಸ್ತಿ ಇರುತ್ತಿದ್ದವು ಎಂದರು. ಕಣ್ಣಿಗೆ ಕಂಡ ದೃಶ್ಯ, ಕೈಗೆ ಸಿಕ್ಕ ಲೆಕ್ಕ, ಎರಡೂ ಒಂದಾದವು. ಗುರು ನಮ್ಮ ಕವಚವಾಯಿತು.

ವೆದರಿಲ್ ಲೆಕ್ಕ ತಪ್ಪಲ್ಲ. ಅದು ಒಂದು ಬಗೆಯ ಕಲ್ಲಿಗೆ ಸರಿ. ಸೂರ್ಯನಿಂದ ಬಹುದೂರದಲ್ಲಿ, ಊರ್ಟ್ ಮೋಡ ಎಂಬಲ್ಲಿ, ಹಿಮದ ಗಡ್ಡೆಗಳು ಲೆಕ್ಕವಿಲ್ಲದಷ್ಟಿವೆ. ಆಗೊಂದು ಈಗೊಂದು ಒಳಗೆ ಬೀಳುತ್ತವೆ. ಬರುವ ದಾರಿಯಲ್ಲಿ ಗುರು ಸಿಕ್ಕರೆ ಸಾಕು, ಅದರ ಎಳೆತಕ್ಕೆ ದಿಕ್ಕು ತಪ್ಪಿ ಸೌರವ್ಯೂಹದ ಆಚೆಗೇ ಹಾರಿ ಹೋಗುವುದು ಬಹಳ. ಇಲ್ಲಿ ಗುರು ನಿಜವಾಗಿಯೂ ಕಾಯುತ್ತದೆ.

ಆದರೆ ಲೆಕ್ಸೆಲ್ ಧೂಮಕೇತುವಿನ ಕಥೆ ಕೇಳಿ. 1770ರಲ್ಲಿ ಶಾರ್ಲ್ ಮೆಸ್ಸಿಯೆ ಅದನ್ನು ಕಂಡ. ಆ ವರ್ಷದ ಜುಲೈ ಒಂದರಂದು ಅದು ಭೂಮಿಯಿಂದ ಬರೀ 22 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಚಂದ್ರನ ದೂರದ ಆರು ಪಟ್ಟು ಅಷ್ಟೇ. ಅದರ ದಾರಿಯ ಲೆಕ್ಕ ಹಾಕಿದ ಆಂಡರ್ಸ್ ಲೆಕ್ಸೆಲ್ ಕಂಡುಕೊಂಡದ್ದು ಏನೆಂದರೆ, ಅದು ಮೊದಲು ನಮ್ಮ ಕಡೆ ಬರುತ್ತಲೇ ಇರಲಿಲ್ಲ. 1767ರಲ್ಲಿ ಗುರುವಿನ ಪಕ್ಕ ಹಾದಾಗ ಗುರುವೇ ಅದನ್ನು ಒಳಗೆ ತಿರುಗಿಸಿತ್ತು. 1779ರಲ್ಲಿ ಮತ್ತೆ ಗುರುವಿನ ಕೈಗೆ ಸಿಕ್ಕಿತು. ಈ ಸಲ ಹೊರಗೆ ಎಸೆಯಿತು. ಆಮೇಲೆ ಅದನ್ನು ಯಾರೂ ನೋಡಿಲ್ಲ. ತಂದದ್ದೂ ಗುರು, ಅಟ್ಟಿದ್ದೂ ಗುರು. ನಡುವಿನ ಹನ್ನೆರಡು ವರ್ಷ ಭೂಮಿಗೆ ಅಪಾಯ ಇತ್ತು.

ಕ್ಷುದ್ರಗ್ರಹಗಳ ವಿಷಯಕ್ಕೆ ಬಂದರೆ ಗುರುವಿನ ಕೆಲಸ ಇನ್ನೂ ಸ್ಪಷ್ಟ. ಇದು ತಿಳಿಯಲು ಪಂಚಮಿಯ ಜೋಕಾಲಿ ನೆನಪಿಸಿಕೊಳ್ಳಿ. ನಮ್ಮ ಕಡೆ ನಾಗರ ಪಂಚಮಿಗೆ ಬೇವಿನ ಮರಕ್ಕೋ ಹುಣಸೆ ಮರಕ್ಕೋ ಹಗ್ಗ ಕಟ್ಟಿ ಜೀಕುತ್ತಾರೆ. ಜೋಕಾಲಿ ಎತ್ತರಕ್ಕೆ ಏರಲು ದೊಡ್ಡ ಬಲ ಬೇಡ. ಸರಿಯಾದ ಹೊತ್ತಿಗೆ, ಪ್ರತಿ ಸಲ ಅದೇ ಹೊತ್ತಿಗೆ, ಬೆರಳಿನಿಂದ ನೂಕಿದರೂ ಸಾಕು. ಹೊತ್ತು ತಪ್ಪಿ ನೂಕಿದರೆ ಎಷ್ಟು ಬಲ ಹಾಕಿದರೂ ಅದು ಏರುವುದಿಲ್ಲ.

ಈಗ ನಮ್ಮ ಬಸ್ಸಿನ ದಾರಿಯಲ್ಲಿ ಹತ್ತನೇ ಕಿಲೋಮೀಟರಿಗೆ ಬನ್ನಿ, ರಾಯಾಪುರಕ್ಕೆ ಸ್ವಲ್ಪ ಮೊದಲು. ಅಲ್ಲಿ ಸುತ್ತುವ ಕಲ್ಲು ಸೂರ್ಯನಿಗೆ ಮೂರು ಸುತ್ತು ಹಾಕುವಷ್ಟರಲ್ಲಿ ಗುರು ಸರಿಯಾಗಿ ಒಂದು ಸುತ್ತು ಹಾಕುತ್ತದೆ. ಹಾಗಾಗಿ ಗುರುವಿನ ಎಳೆತ ಮತ್ತೆ ಮತ್ತೆ ಅದೇ ತಾಳಕ್ಕೆ ಬೀಳುತ್ತದೆ. ಜೋಕಾಲಿ ಏರಿದ ಹಾಗೆ ಕಲ್ಲಿನ ದಾರಿ ಉದ್ದವಾಗುತ್ತಾ ಹೋಗುತ್ತದೆ. ದುಂಡಗಿದ್ದದ್ದು ಮೊಟ್ಟೆಯಾಕಾರ ಆಗುತ್ತದೆ. ಕೊನೆಗೆ ಒಂದು ತುದಿ ಮಂಗಳದ ದಾರಿಯನ್ನು ಕತ್ತರಿಸುತ್ತದೆ, ಆಮೇಲೆ ನಮ್ಮದನ್ನು. ಇದೇ ಕಾರಣಕ್ಕೆ ಆ ಜಾಗ ಖಾಲಿ. ಕ್ಷುದ್ರಗ್ರಹ ಪಟ್ಟಿಯ ಇಂಥ ಖಾಲಿ ಜಾಗಗಳನ್ನು 1866ರಲ್ಲೇ ಡೇನಿಯಲ್ ಕರ್ಕ್‌ವುಡ್ ಗುರುತಿಸಿದ್ದ. ಅಲ್ಲಿದ್ದ ಕಲ್ಲು ಹೇಗೆ ಹೊರಬಿದ್ದವು, ಎಲ್ಲಿಗೆ ಹೋದವು ಎಂಬುದು 1980ರ ದಶಕದಲ್ಲಿ ಜ್ಯಾಕ್ ವಿಸ್ಡಮ್ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಮೇಲೆ ಸ್ಪಷ್ಟವಾಯಿತು. ಪಟ್ಟಿಯ ಒಳ ಅಂಚಿನಲ್ಲಿ ಶನಿಯೂ ಇಂಥದ್ದೇ ತಾಳ ಹಾಕುತ್ತದೆ. ಇಂದು ಭೂಮಿಯ ಹತ್ತಿರ ಸುಳಿಯುವ ಕ್ಷುದ್ರಗ್ರಹಗಳಲ್ಲಿ ಬಹುಪಾಲು ಈ ಎರಡು ಬಾಗಿಲಿನಿಂದ ಬಂದವು.

ಹಾಗಾದರೆ ಒಟ್ಟು ಲೆಕ್ಕ ಏನಾಯಿತು? 2008ರಿಂದ ಜಾಂಟಿ ಹಾರ್ನರ್ ಮತ್ತು ಬ್ಯಾರಿ ಜೋನ್ಸ್ ಇದನ್ನೇ ಪರೀಕ್ಷಿಸಿದರು. ಕಂಪ್ಯೂಟರಿನಲ್ಲಿ ಗುರುವಿನ ಭಾರವನ್ನು ಕಡಿಮೆ ಮಾಡುತ್ತಾ, ಜಾಸ್ತಿ ಮಾಡುತ್ತಾ ನೋಡಿದರು. ಕ್ಷುದ್ರಗ್ರಹಗಳಿಂದ ಭೂಮಿಗೆ ಅತಿ ಹೆಚ್ಚು ಪೆಟ್ಟು ಬಿದ್ದದ್ದು ಗುರು ಇಲ್ಲದಾಗ ಅಲ್ಲ, ಗುರು ಪೂರ್ತಿ ಭಾರ ಇದ್ದಾಗಲೂ ಅಲ್ಲ. ಗುರುವಿನ ಐದನೇ ಒಂದರಷ್ಟು ಭಾರದ ಗ್ರಹ ಅದೇ ಜಾಗದಲ್ಲಿ ಇದ್ದಾಗ. ಅಷ್ಟು ಭಾರಕ್ಕೆ ಕಲ್ಲುಗಳನ್ನು ಒಳಗೆ ತಿರುಗಿಸುವ ಶಕ್ತಿ ಇದೆ, ಆದರೆ ಅವನ್ನು ಬೇಗ ಹೊರಗೆಸೆಯುವ ಶಕ್ತಿ ಇಲ್ಲ. ಇದನ್ನು ಓದಿದ ಮೇಲೆ ಕವಚ ಎಂಬ ಪದವನ್ನು ನಾನು ಬಿಟ್ಟೆ. ಆ ಪದ ಮಕ್ಕಳ ಮನಸ್ಸಿನಲ್ಲಿ ಕೂತರೆ ಆಮೇಲೆ ತೆಗೆಯುವುದು ಕಷ್ಟ.

ನನಗೆ ಕೇಳಿದರೆ, ಪೆಟ್ಟಿನ ಲೆಕ್ಕಕ್ಕಿಂತ ದೊಡ್ಡ ಕಥೆ ಇನ್ನೂ ಹಿಂದೆ ನಡೆದದ್ದು. ಭೂಮಿ ಹುಟ್ಟುವ ಮೊದಲು.

ಗುರುವಿನಂಥ ಗ್ರಹ ಬೆಳೆಯಲು ಗ್ಯಾಸು ಬೇಕು. ಎಳೆ ಸೂರ್ಯನ ಸುತ್ತ ಗ್ಯಾಸಿನ ತಟ್ಟೆ ಇದ್ದದ್ದು ಬರೀ ಕೆಲವು ಹತ್ತು ಲಕ್ಷ ವರ್ಷ. ಅಷ್ಟರೊಳಗೆ ಗುರು ಬೆಳೆದು ಮುಗಿಯಬೇಕಿತ್ತು, ಮುಗಿಯಿತು. ಭೂಮಿ ಕಟ್ಟಿಕೊಳ್ಳಲು ಮಾತ್ರ ಕೋಟಿಗಟ್ಟಲೆ ವರ್ಷ ಹಿಡಿಯಿತು. ಅಂದರೆ ಗುರು ನಮಗಿಂತ ಹಿರಿದು. ನಾವು ಹುಟ್ಟಿದ್ದು ಅದರ ಕಣ್ಣೆದುರಿಗೆ, ಅದು ಬಿಟ್ಟ ಸಾಮಾನಿನಲ್ಲಿ.

ಇದಕ್ಕೆ ಸಾಕ್ಷಿ ಉಲ್ಕಾಶಿಲೆಗಳಲ್ಲಿ ಸಿಕ್ಕಿದೆ. ಆಕಾಶದಿಂದ ಬಿದ್ದ ಕಲ್ಲುಗಳನ್ನು ಅಳೆದು ನೋಡಿದರೆ ಅವು ಎರಡು ಗುಂಪಾಗಿ ಬೇರೆಯಾಗುತ್ತವೆ. ಒಂದು ಗುಂಪು ಸೂರ್ಯನ ಹತ್ತಿರ ಹುಟ್ಟಿದ್ದು, ಇನ್ನೊಂದು ದೂರ ಹುಟ್ಟಿದ್ದು. ಎರಡೂ ಬಹಳ ಕಾಲ ಬೆರೆಯಲೇ ಇಲ್ಲ. ನಡುವೆ ಏನೋ ಅಡ್ಡ ನಿಂತಿತ್ತು. 2017ರಲ್ಲಿ ಜರ್ಮನಿಯ ವಿಜ್ಞಾನಿಗಳು ಇದನ್ನು ಗುರುವಿನ ತಿರುಳಿಗೆ ಹೊಂದಿಸಿದರು. ಸೌರವ್ಯೂಹ ಶುರುವಾಗಿ ಹತ್ತು ಲಕ್ಷ ವರ್ಷದೊಳಗೇ ಅದು ಇಪ್ಪತ್ತು ಭೂಮಿಗಳಷ್ಟು ಬೆಳೆದು ದಾರಿ ಕಟ್ಟಿತ್ತು ಎಂದರು.

ನಮ್ಮ ಹುಬ್ಬಳ್ಳಿ-ಧಾರವಾಡದ ನಲ್ಲಿಗೆ ಮಲಪ್ರಭೆಯ ನೀರು ನವಿಲುತೀರ್ಥ ಡ್ಯಾಮಿನಿಂದ ಬರುತ್ತದೆ. ಡ್ಯಾಮು ನೀರನ್ನು ತಡೆಯುತ್ತದೆ, ಗೇಟು ಎತ್ತಿದಾಗ ಬಿಡುತ್ತದೆ. ಗುರು ಹೆಚ್ಚೂಕಡಿಮೆ ಹಾಗೇ ಮಾಡಿತು ಅನ್ನಬಹುದು. ಸೂರ್ಯನಿಂದ ಒಂದು ದೂರದ ಆಚೆಗೆ ಮಾತ್ರ ನೀರು ಮಂಜಾಗಿ ಗಟ್ಟಿಯಾಗುತ್ತದೆ. ನಮ್ಮ ಅಳತೆಯಲ್ಲಿ ಆ ಗೆರೆ ರಾಯಾಪುರದ ಹತ್ತಿರ. ಅದರ ಆಚೆಯ ಮಂಜಿನ ಹರಳುಗಳು ಸುಮ್ನೆ ಒಳಗೆ ಜಾರುತ್ತಾ ಬಂದಿದ್ದರೆ ಭೂಮಿ ತುಂಬಾ ನೀರೇ ಆಗಿ, ಕಾಲಿಡಲು ನೆಲ ಇರುತ್ತಿರಲಿಲ್ಲವೇನೋ. ಗುರು ಅದನ್ನು ತಡೆಯಿತು. ಆದರೆ ಗುರು ಬೆಳೆಯುವಾಗ ಅದರ ಅಕ್ಕಪಕ್ಕದ ನೀರು ಹಿಡಿದ ಕಲ್ಲುಗಳು ಚೆದುರಿದವು. ಒಂದಿಷ್ಟು ಒಳಗೆ ಬಂದು ಬಿದ್ದವು. ಇಂದಿನ ಸಮುದ್ರಗಳೆಲ್ಲ ಸೇರಿದರೂ ಭೂಮಿಯ ತೂಕದ ನಾಲ್ಕು ಸಾವಿರದಲ್ಲಿ ಒಂದು ಪಾಲಿಲ್ಲ. ಅಷ್ಟೇ ಬಂತು, ಅಷ್ಟೇ ಸಾಕಾಯಿತು. ನಮ್ಮ ನೀರಿನಲ್ಲಿರುವ ಭಾರದ ಹೈಡ್ರೋಜನ್ನಿನ ಪ್ರಮಾಣ ಇಂಗಾಲ ತುಂಬಿದ ಉಲ್ಕಾಶಿಲೆಗಳಿಗೆ ಹೊಂದುತ್ತದೆ. ರೊಸೆಟ್ಟಾ ನೌಕೆ 2014ರಲ್ಲಿ ಹೋಗಿ ನೋಡಿದ ಧೂಮಕೇತುವಿನಲ್ಲಿ ಆ ಪ್ರಮಾಣ ಮೂರು ಪಟ್ಟು. ಹಾಗಾಗಿ ನೀರು ತಂದದ್ದರಲ್ಲಿ ಇಂಥ ಕಲ್ಲುಗಳ ಪಾಲು ದೊಡ್ಡದು ಅಂತ ಬಹಳ ಜನ ನಂಬುತ್ತಾರೆ. ಹತ್ತಿರದಲ್ಲೇ ಹುಟ್ಟಿದ ಕಲ್ಲುಗಳಲ್ಲೂ ನೀರಿನ ಸಾಮಾನು ಸಾಕಷ್ಟಿತ್ತು ಅಂತ 2020ರಲ್ಲಿ ಒಂದು ಅಧ್ಯಯನ ತೋರಿಸಿದೆ. ಈ ವಾದ ಇನ್ನೂ ನಡೆದಿದೆ.

ಇಂಗಾಲ ತುಂಬಿದ ಆ ಜಾತಿಯ ಕಲ್ಲು ಆಮೇಲೂ ಬಂತು. 6.6 ಕೋಟಿ ವರ್ಷದ ಹಿಂದೆ ಮೆಕ್ಸಿಕೊದ ಅಂಚಿಗೆ ಬಿದ್ದು ಡೈನೊಸಾರ್‌ಗಳನ್ನು ಅಳಿಸಿದ ಕಲ್ಲು ಗುರುವಿನ ಆಚೆ ಹುಟ್ಟಿದ ಜಾತಿಯದು ಅಂತ 2024ರಲ್ಲಿ ರುಥೇನಿಯಂ ಲೋಹದ ಗುರುತಿನಿಂದ ಹೇಳಿದರು. ನೀರು ತಂದ ಕುಲವೂ, ಸಾವು ತಂದ ಕುಲವೂ ಒಂದೇ. ಇದನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಇನ್ನೊಂದು ಪ್ರಶ್ನೆ ಮಂಗಳದ್ದು. ಮಂಗಳ ಯಾಕೆ ಅಷ್ಟು ಸಣ್ಣದು? ಭೂಮಿಯ ತೂಕದ ಹತ್ತನೇ ಒಂದು ಪಾಲು ಅಷ್ಟೇ. ಅಷ್ಟು ಸಣ್ಣದಾದ್ದರಿಂದಲೇ ಅದಕ್ಕೆ ತನ್ನ ಗಾಳಿಯನ್ನು ಹಿಡಿದುಕೊಳ್ಳಲು ಆಗಲಿಲ್ಲ, ನೀರು ಉಳಿಯಲಿಲ್ಲ. 2011ರಲ್ಲಿ ಕೆವಿನ್ ವಾಲ್ಶ್ ಮತ್ತು ಜತೆಗಾರರು ಒಂದು ದಿಟ್ಟ ಉತ್ತರ ಕೊಟ್ಟರು. ಅದಕ್ಕೆ ಗ್ರ್ಯಾಂಡ್ ಟ್ಯಾಕ್ ಅಂತ ಹೆಸರು. ಹಾಯಿದೋಣಿ ದಿಕ್ಕು ಹೊರಳಿಸುವುದಕ್ಕೆ ಟ್ಯಾಕ್ ಅನ್ನುತ್ತಾರೆ. ಅವರ ಪ್ರಕಾರ ಗುರು ಹುಟ್ಟಿದ್ದು ಧಾರವಾಡದಲ್ಲಿ ಅಲ್ಲ, ಸತ್ತೂರಿನ ಸುಮಾರಿಗೆ. ಗ್ಯಾಸಿನ ತಟ್ಟೆ ಅದನ್ನು ಒಳಗೆ ಎಳೆಯಿತು. ಜಾರುತ್ತಾ ಜಾರುತ್ತಾ ಭೈರಿದೇವರಕೊಪ್ಪದ ತನಕ ಬಂತು. ಉಣಕಲ್‌ಗೆ ಇನ್ನು ಎರಡೇ ಕಿಲೋಮೀಟರ್. ಅಷ್ಟರಲ್ಲಿ ಹಿಂದಿನಿಂದ ಶನಿ ಬಂದು ಕೂಡಿಕೊಂಡಿತು. ಎರಡರ ಸುತ್ತುಗಳು ಒಂದೇ ತಾಳಕ್ಕೆ ಬಿದ್ದವು. ಗ್ಯಾಸಿನ ಎಳೆತದ ದಿಕ್ಕು ತಿರುಗಿತು. ಎರಡೂ ಹೊರಗೆ ಹೊರಟವು.

ಆ ಹೋಗಿ ಬರುವ ಹೊತ್ತಿನಲ್ಲಿ ಮಂಗಳದ ಜಾಗದಲ್ಲಿದ್ದ ಸಾಮಾನೆಲ್ಲ ಗುಡಿಸಿ ಹೋಯಿತು. ಮಂಗಳ ಹಸಿದೇ ಉಳಿಯಿತು. ಕ್ಷುದ್ರಗ್ರಹ ಪಟ್ಟಿ ಬಡವಾಯಿತು. ಈಗ ಅಲ್ಲಿರುವ ಕಲ್ಲೆಲ್ಲ ಕೂಡಿಸಿದರೂ ನಮ್ಮ ಚಂದ್ರನ ನೂರಕ್ಕೆ ಮೂರು ಪಾಲು. ಇದನ್ನು ಎಲ್ಲರೂ ಒಪ್ಪಿಲ್ಲ. ಗುರು ಇಷ್ಟು ಒಳಗೆ ಬರದೆಯೂ, ದೈತ್ಯ ಗ್ರಹಗಳ ನಡುವೆ ಬೇಗನೆ ಎದ್ದ ಒಂದು ಅಲ್ಲೋಲಕಲ್ಲೋಲದಿಂದ ಮಂಗಳ ಸಣ್ಣದಾಗಬಹುದು ಅನ್ನುವವರಿದ್ದಾರೆ. ಈ ಎರಡರಲ್ಲಿ ಯಾವ ದಾರಿಯಲ್ಲಿ ಹೋದರೂ ಮಂಗಳದ ಊಟ ಕಸಿದದ್ದು ದೈತ್ಯರೇ ಎಂಬಲ್ಲಿಗೆ ಬರುತ್ತೇವೆ. ಗುರು ತಿರುಗಿದ ಜಾಗ ಎರಡು ಕಿಲೋಮೀಟರ್ ಈಚೆಗಿದ್ದರೆ ಉಣಕಲ್ ಕಥೆ ಏನಾಗುತ್ತಿತ್ತು ಅಂತ ಯೋಚಿಸಿ.

ಗುರು ಧಾರವಾಡದಲ್ಲಿ ನೆಲೆ ನಿಂತ ಮೇಲೂ ಅದರ ಕೈ ನಮ್ಮ ಮೇಲಿದೆ. ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ. ನಮ್ಮ ಅಳತೆಯಲ್ಲಿ ಭೂಮಿ ವರ್ಷದಲ್ಲಿ ಸೂರ್ಯನಿಗೆ 130 ಮೀಟರಿನಷ್ಟು ಹತ್ತಿರ-ದೂರ ಆಗುತ್ತದೆ. ಗುರು ಮತ್ತು ಶುಕ್ರ ಸೇರಿ ಎಳೆಯುವುದರಿಂದ ಈ ವ್ಯತ್ಯಾಸ 4,05,000 ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಇದರ ಜತೆ ಬೇರೆ ಸಣ್ಣ ಏರಿಳಿತಗಳೂ ಇವೆ. ಹಿಮಯುಗಗಳು ಬಂದು ಹೋದದ್ದು, ಮಳೆ ಮಾರುತ ಬಲವಾದದ್ದು, ಸೊರಗಿದ್ದು, ಎಲ್ಲದರಲ್ಲೂ ಇವುಗಳ ತಾಳ ಕಾಣುತ್ತದೆ. ಅಮೆರಿಕದ ಹಳೇ ಕಲ್ಲಿನ ಪದರಗಳನ್ನು ಕೊರೆದು ನೋಡಿದಾಗ 21.5 ಕೋಟಿ ವರ್ಷದ ಹಿಂದೆಯೂ ಇದೇ 4,05,000 ವರ್ಷದ ತಾಳ ಇತ್ತು ಅಂತ 2018ರಲ್ಲಿ ಗೊತ್ತಾಯಿತು. ಅಷ್ಟು ಕಾಲ ತಾಳ ತಪ್ಪಿಲ್ಲ. ನನಗೆ ಇದು ಗುರು ಬಗ್ಗೆ ಇರುವ ಅತಿ ಒಳ್ಳೆಯ ಸುದ್ದಿ. ಗುರುವಿನ ದಾರಿ ಈಗಿರುವುದಕ್ಕಿಂತ ಸ್ವಲ್ಪ ಉದ್ದನೆಯ ಮೊಟ್ಟೆಯಾಗಿದ್ದರೆ ಭೂಮಿಯ ದಾರಿಯೂ ಹೆಚ್ಚು ಹಿಗ್ಗಿ, ಈಗ ಹೆಪ್ಪುಗಟ್ಟಿರುವ ಕೆಲವು ಜಾಗ ಬೆಚ್ಚಗಾಗುತ್ತಿತ್ತು ಅಂತ 2022ರಲ್ಲಿ ಒಂದು ಲೆಕ್ಕ ಬಂತು. ಅಂದರೆ ಈಗಿರುವುದೇ ಎಲ್ಲಕ್ಕಿಂತ ಒಳ್ಳೆಯದು ಅಂತ ಹೇಳಲು ಬರುವುದಿಲ್ಲ.

ಬೇರೆ ನಕ್ಷತ್ರಗಳ ಕಡೆ ನೋಡಿದಾಗ ನಮ್ಮ ಗುರು ಎಷ್ಟು ಸೌಮ್ಯ ಎಂಬುದು ಗೊತ್ತಾಗುತ್ತದೆ. 1995ರಲ್ಲಿ ಮಿಶೆಲ್ ಮೇಯರ್ ಮತ್ತು ದಿದಿಯೆ ಕೆಲೋ ಸೂರ್ಯನಂಥ ನಕ್ಷತ್ರದ ಸುತ್ತ ಮೊದಲ ಗ್ರಹ ಕಂಡುಹಿಡಿದರು. ಅದು ಗುರುವಿನಂಥ ದೈತ್ಯ. ಇದ್ದದ್ದು ಮಾತ್ರ ನಮ್ಮ ಅಳತೆಯಲ್ಲಿ ಚೆನ್ನಮ್ಮ ಸರ್ಕಲ್‌ನಿಂದ 200 ಮೀಟರಿಗೆ. ನಾಲ್ಕು ದಿನಕ್ಕೆ ಒಂದು ಸುತ್ತು. ಇಂಥವನ್ನು ಬಿಸಿ ಗುರುಗಳು ಅನ್ನುತ್ತಾರೆ. ನಮ್ಮ ದೇಶ 2019ರಲ್ಲಿ ಹೆಸರಿಟ್ಟ ‘ಸಂತಮಸ’ ಎಂಬ ಗ್ರಹವೂ ಇದೇ ಜಾತಿಯದು. ಅದರ ನಕ್ಷತ್ರಕ್ಕೆ ‘ಬಿಭಾ’ ಅಂತ ಹೆಸರು, ವಿಜ್ಞಾನಿ ಬಿಭಾ ಚೌಧುರಿ ನೆನಪಿಗೆ. ಸಂತಮಸದ ಒಂದು ಸುತ್ತಿಗೆ ಎರಡು ದಿನಕ್ಕಿಂತ ಸ್ವಲ್ಪ ಜಾಸ್ತಿ.

ಬಿಸಿ ಗುರು ಅಷ್ಟು ಹತ್ತಿರ ಹುಟ್ಟುವುದು ಕಷ್ಟ. ಬಹುಪಾಲು ದೂರದಲ್ಲಿ ಹುಟ್ಟಿ ಒಳಗೆ ಬಂದಿರಬೇಕು. ಬರುವಾಗ ವಾಸಯೋಗ್ಯ ವಲಯವನ್ನು ಹಾದೇ ಬರಬೇಕು. ಆಗ ಅಲ್ಲಿರುವ ಕಲ್ಲುಗಳ ಗತಿ?

ಹಾವೇರಿ ಜಿಲ್ಲೆಯಲ್ಲಿ ದೀಪಾವಳಿ ಆದ ಮೇಲೆ ಹೋರಿ ಬೆದರಿಸುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಕೊಬ್ಬರಿ ಸರ ಕಟ್ಟಿದ ಹೋರಿ ಜನರ ನಡುವೆ ನುಗ್ಗಿ ಬರುತ್ತದೆ. ಜನ ಎರಡೂ ಕಡೆ ಸಿಡಿಯುತ್ತಾರೆ. ಹೋರಿ ದಾಟಿ ಹೋದ ಮೇಲೆ ಮತ್ತೆ ಸೇರುತ್ತಾರೆ. 2006ರಲ್ಲಿ ಶಾನ್ ರೇಮಂಡ್ ಮತ್ತು ಜತೆಗಾರರು ಮಾಡಿದ ಲೆಕ್ಕದಲ್ಲೂ ಹೀಗೇ ಆಯಿತು. ದೈತ್ಯ ಗ್ರಹ ಒಮ್ಮೆ ಒಳಗೆ ಹಾದು ಹೋದರೆ ಹಿಂದೆ ಉಳಿದ ಸಾಮಾನು ಮತ್ತೆ ಕೂಡಿಕೊಂಡು ಕಲ್ಲಿನ ಗ್ರಹ ಕಟ್ಟಿಕೊಳ್ಳಬಹುದು. ನೀರೂ ಅವಕ್ಕೆ ಜಾಸ್ತಿ ಸಿಗಬಹುದು. ಬಿಸಿ ಗುರು ಇದ್ದಲ್ಲಿ ಜೀವದ ಆಸೆ ಬಿಡಬೇಕು ಅಂತ ಮೊದಲು ಅಂದುಕೊಂಡಿದ್ದು ಪೂರ್ತಿ ನಿಜವಲ್ಲ.

ಹೋರಿ ಮತ್ತೆ ಮತ್ತೆ ಅದೇ ಓಣಿಗೆ ನುಗ್ಗುತ್ತಿದ್ದರೆ ಮಾತ್ರ ಯಾರೂ ನಿಲ್ಲಲಾರರು. ಎಚ್‌ಡಿ 80606 ಎಂಬ ನಕ್ಷತ್ರದ ಸುತ್ತ ಅಂಥದ್ದೊಂದಿದೆ. 2001ರಲ್ಲಿ ಸಿಕ್ಕಿತು. ಗುರುವಿನ ನಾಲ್ಕು ಪಟ್ಟು ಭಾರ. ಅದರ ದಾರಿ ಎಷ್ಟು ಉದ್ದನೆಯ ಮೊಟ್ಟೆ ಅಂದರೆ, ನಮ್ಮ ಅಳತೆಯಲ್ಲಿ ಒಂದು ತುದಿ ಚೆನ್ನಮ್ಮ ಸರ್ಕಲ್‌ನಿಂದ 120 ಮೀಟರ್, ಇನ್ನೊಂದು ತುದಿ ಮೂರೂವರೆ ಕಿಲೋಮೀಟರ್. 111 ದಿನಕ್ಕೊಮ್ಮೆ ಈ ಓಟ. ಅಲ್ಲಿ ಉಣಕಲ್‌ನಲ್ಲಿ ಕಲ್ಲಿನ ಗ್ರಹ ಒಂದಿದ್ದರೆ ಅದು ಎಂದೋ ನಕ್ಷತ್ರಕ್ಕೆ ಬಿದ್ದಿರುತ್ತದೆ, ಇಲ್ಲವೇ ಕತ್ತಲೆಗೆ ಹಾರಿರುತ್ತದೆ. ನಮ್ಮ ಗುರುವಿನ ದಾರಿ 20ರಿಂದ 22 ಕಿಲೋಮೀಟರಿನ ನಡುವೆ, ಅಷ್ಟೇ. ಧಾರವಾಡ ಬಿಟ್ಟು ಎಲ್ಲೂ ಹೋಗುವುದಿಲ್ಲ.

ದಾರಿ ದುಂಡಗಿದ್ದರೂ ದೈತ್ಯರು ಜಾಸ್ತಿಯಾದರೆ ಜಾಗ ಸಾಲುವುದಿಲ್ಲ. ಎಚ್‌ಡಿ 141399 ಎಂಬ ನಕ್ಷತ್ರಕ್ಕೆ ನಾಲ್ಕು ದೈತ್ಯ ಗ್ರಹಗಳಿವೆ. ಎರಡು ವಾಸಯೋಗ್ಯ ವಲಯದ ಒಳಗಡೆ, ಎರಡು ಹೊರಗಡೆ. ನಡುವಿನ ವಲಯದಲ್ಲಿ ಭೂಮಿಯಂಥ ಗ್ರಹ ಇಟ್ಟರೆ ಉಳಿಯುತ್ತದೆಯೇ ಅಂತ ಸ್ಟೀಫನ್ ಕೇನ್ 2023ರಲ್ಲಿ ಲೆಕ್ಕ ಹಾಕಿದರು. ಹೆಚ್ಚಿನ ಕಡೆ ಉಳಿಯಲಿಲ್ಲ. ಅಲ್ಲೊಂದು ಇಲ್ಲೊಂದು ಕಿರಿದಾದ ಜಾಗದಲ್ಲಿ ಮಾತ್ರ ಉಳಿಯಿತು. ವಿಳಾಸ ಚೆನ್ನಾಗಿದೆ, ಮನೆ ಕಟ್ಟಲು ಆಗುವುದಿಲ್ಲ.

ಸೂರ್ಯನಂಥ ನಕ್ಷತ್ರಗಳಲ್ಲಿ ಬಿಸಿ ಗುರು ಇರುವುದು ನೂರಕ್ಕೆ ಒಂದರಷ್ಟು. ನಮ್ಮ ಗುರುವಿನ ಹಾಗೆ ದೂರದಲ್ಲಿ ದೈತ್ಯ ಇರುವುದು ಸುಮಾರು ಹತ್ತಕ್ಕೆ ಒಂದು. ಈ ಎರಡನೇ ಲೆಕ್ಕ ಸಿಗಲು ಬಹಳ ಕಾಲ ಹಿಡಿಯಿತು. ಕಾರಣ ಸರಳ. ಗ್ರಹ ನಕ್ಷತ್ರವನ್ನು ಎಳೆದಾಗ ನಕ್ಷತ್ರ ಸ್ವಲ್ಪ ತೂಗಾಡುತ್ತದೆ. ಆ ತೂಗಾಟವನ್ನೇ ಅಳೆಯಬೇಕು. ಗುರು ಸೂರ್ಯನನ್ನು ತೂಗಾಡಿಸುವ ವೇಗ ಸೆಕೆಂಡಿಗೆ ಹನ್ನೆರಡೂವರೆ ಮೀಟರ್, ಅಂದರೆ ತಾಸಿಗೆ 45 ಕಿಲೋಮೀಟರ್. ಚಿಗರಿ ಬಸ್ಸು ಓಡಿದಷ್ಟು. ಭೂಮಿ ತೂಗಾಡಿಸುವುದು ಸೆಕೆಂಡಿಗೆ ಒಂಬತ್ತು ಸೆಂಟಿಮೀಟರ್, ಆಮೆ ನಡೆದಷ್ಟು. ಬಸ್ಸಿನ ವೇಗ ಅಳೆಯುವುದು ಇಂದು ಕಷ್ಟವಲ್ಲ. ಆದರೆ ಒಂದು ಸುತ್ತು ಪೂರ್ತಿ ನೋಡಿದರೇನೇ ಖಾತ್ರಿ. ಗುರುವಿನ ಒಂದು ಸುತ್ತಿಗೆ 11.86 ವರ್ಷ. ಅಷ್ಟು ವರ್ಷ ಒಂದೇ ನಕ್ಷತ್ರವನ್ನು ಬಿಡದೆ ನೋಡಬೇಕು.

ಯುರೋಪಿನ ಗಾಯಾ ದೂರದರ್ಶಕ ಹೀಗೆ ನೋಡಿದೆ. 2013ರ ಡಿಸೆಂಬರಿನಲ್ಲಿ ಹಾರಿತು. 2025ರ ಜನವರಿ ತನಕ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳ ಜಾಗವನ್ನು ಮತ್ತೆ ಮತ್ತೆ ಅಳೆಯಿತು. ಆ ನಕ್ಷತ್ರಗಳಲ್ಲಿ ನಮಗೆ ಹತ್ತಿರದ ಯಾವುದಕ್ಕಾದರೂ ಧಾರವಾಡದಲ್ಲಿ ಗುರು ಇದ್ದರೆ, ಅದರ ಹೆಚ್ಚೂಕಡಿಮೆ ಒಂದು ಪೂರ್ತಿ ಸುತ್ತು ಆ ಅಳತೆಯಲ್ಲಿ ದಾಖಲಾಗಿದೆ. ಲೆಕ್ಕ ಬಿಡಿಸುವ ಕೆಲಸ ಈಗ ನಡೆಯುತ್ತಿದೆ. ದೈತ್ಯ ಸಿಕ್ಕ ಕೂಡಲೇ ನೋಡುವುದು ಅದರ ದಾರಿ ಎಷ್ಟು ದುಂಡಗಿದೆ ಅಂತ. ದುಂಡಗಿದ್ದರೆ, ಆ ನಕ್ಷತ್ರದ ಉಣಕಲ್‌ನಲ್ಲಿ ಯಾರಾದರೂ ಇದ್ದಾರಾ ಅಂತ ಹುಡುಕುವುದಕ್ಕೆ ಅರ್ಥವಿದೆ.